ರೋಗಾಣುವೇ ಇಲ್ಲದ ಉರಿಯೂತ: ಲಂಡನ್ನಿನ ಟಿಜಿಎನ್1412 ಪ್ರಕರಣ

ಡೆಂಗಿ, ಸೆಪ್ಸಿಸ್, ಕೋವಿಡ್, ಯಾವುದನ್ನೇ ತೆಗೆದುಕೊಳ್ಳಿ, ರೋಗಿಗೆ ಆದ ಹಾನಿಯಲ್ಲಿ ರೋಗಾಣುವಿನ ಪಾಲೆಷ್ಟು, ಅದನ್ನು ಹೊಡೆಯಲು ಹೊರಟ ದೇಹದ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ರೋಗಿ ಆಸ್ಪತ್ರೆಗೆ ಬರುವ ಹೊತ್ತಿಗೆ ಜ್ವರ ಹತ್ತಿ ನಾಲ್ಕಾರು ದಿನವಾಗಿರುತ್ತದೆ. ಯಾವ ಗಳಿಗೆಯಲ್ಲಿ ಏನು ಶುರುವಾಯಿತು ಎಂಬ ಲೆಕ್ಕ ಯಾರ ಹತ್ತಿರವೂ ಇರುವುದಿಲ್ಲ.

2006ರ ಮಾರ್ಚ್ 13ರಂದು ವಾಯವ್ಯ ಲಂಡನ್ನಿನ ನಾರ್ತ್‌ವಿಕ್ ಪಾರ್ಕ್ ಆಸ್ಪತ್ರೆಯ ಆವರಣದಲ್ಲಿ ಹೊಸ ಔಷಧಿಯೊಂದರ ಪ್ರಯೋಗದ ವೇಳೆ ನಡೆದ ಘಟನೆಯಲ್ಲಿ ಈ ಗೊಂದಲವಿಲ್ಲ. ಆರೋಗ್ಯವಾಗಿದ್ದ ಆರು ಮಂದಿ ಯುವಕರು, ಒಂದೇ ಔಷಧಿ, ತೂಕಕ್ಕೆ ತಕ್ಕಂತೆ ಒಂದೇ ಪ್ರಮಾಣ, ನಿಮಿಷದ ಮಟ್ಟಿಗೆ ಗೊತ್ತಿರುವ ಆರಂಭ. ಸೋಂಕಿನ ಸುಳಿವೇ ಇಲ್ಲ. ಆದರೂ ಒಂದು ದಿನ ಕಳೆಯುವುದರೊಳಗೆ ಆರೂ ಜನ ಐಸಿಯು ಸೇರಿದ್ದರು. ರೋಗನಿರೋಧಕ ವ್ಯವಸ್ಥೆಯೊಂದೇ ಮನುಷ್ಯನನ್ನು ಎಷ್ಟು ಬೇಗ, ಯಾವ ಕ್ರಮದಲ್ಲಿ ಕೆಡವಬಲ್ಲದು ಎಂಬುದಕ್ಕೆ ಇಷ್ಟು ಸ್ವಚ್ಛವಾದ ದಾಖಲೆ ಇನ್ನೊಂದಿಲ್ಲ. ದಾಖಲೆ ಸ್ವಚ್ಛ ಎಂದೆವು, ನಡೆದದ್ದು ಹಾಗಿರಲಿಲ್ಲ.

ಔಷಧಿ ಮತ್ತು ಅದರ ಮೇಲಿದ್ದ ಆಸೆ

ಟಿಜಿಎನ್1412 ಒಂದು ಪ್ರತಿಕಾಯ, ಅಂದರೆ ಗೊತ್ತಾದ ಒಂದು ಗುರಿಗೆ ಹೋಗಿ ಅಂಟುವ ಪ್ರೋಟೀನ್. ತಯಾರಿಸಿದ್ದು ಜರ್ಮನಿಯ ವ್ಯೂರ್ಟ್ಸ್‌ಬರ್ಗ್‌ನ ಟೆಜೆನೆರೊ ಎಂಬ ಸಣ್ಣ ಕಂಪನಿ. ರೋಗನಿರೋಧಕ ವ್ಯವಸ್ಥೆಯ ಬಿಳಿ ರಕ್ತಕಣಗಳಾದ ಟಿ ಕೋಶಗಳ ಮೇಲ್ಮೈಯಲ್ಲಿರುವ ಸಿಡಿ28 ಎಂಬ ರಿಸೆಪ್ಟರ್‌ಗೆ (ಸೂಚನೆ ಹಿಡಿಯುವ ಪ್ರೋಟೀನ್‌ಗೆ) ಹೋಗಿ ಅಂಟಿಕೊಳ್ಳುವುದು ಅದರ ಕೆಲಸ.

ಟಿ ಕೋಶ ಮಾಮೂಲಾಗಿ ಒಂದೇ ಸೂಚನೆಗೆ ಕೆರಳುವುದಿಲ್ಲ. ಬ್ಯಾಂಕ್ ಲಾಕರ್ ತೆರೆಯಲು ನಮ್ಮದೊಂದು, ಬ್ಯಾಂಕಿನದೊಂದು ಕೀಲಿ ಬೇಕಾಗುವ ಹಾಗೆ ಅದಕ್ಕೂ ಎರಡು ಬೇಕು. ಮೊದಲನೆಯದು ಟಿ ಕೋಶದ ಸ್ವಂತ ರಿಸೆಪ್ಟರ್ ಮೂಲಕ ಬರುತ್ತದೆ: ತನಗೆ ಗುರುತಿರುವ ಪ್ರೋಟೀನ್ ತುಣುಕು ಸಿಕ್ಕಿದೆ ಎಂಬ ಸುದ್ದಿ ಅದು. ಎರಡನೆಯದು ಸಿಡಿ28 ಮೂಲಕ: ಆ ತುಣುಕನ್ನು ತೋರಿಸುತ್ತಿರುವ ಕೋಶವೂ ಅಪಾಯವಿದೆ ಎನ್ನುತ್ತಿದೆ, ಮುಂದುವರಿಯಬಹುದು ಎಂಬ ಒಪ್ಪಿಗೆ. ಸಿಡಿ28ಕ್ಕೆ ಅಂಟುವ ಸಾಧಾರಣ ಪ್ರತಿಕಾಯಗಳು ಮೊದಲ ಸೂಚನೆ ಇಲ್ಲದೆ ಏನೂ ಮಾಡಲಾರವು. ಟಿಜಿಎನ್1412 ಹಾಗಲ್ಲ. ಅದು ಸಿಡಿ28ರ ಪಕ್ಕದ ಬೇರೊಂದು ಜಾಗಕ್ಕೆ ಅಂಟಿ, ಮೊದಲ ಕೀಲಿಯೇ ಇಲ್ಲದೆ ಕೋಶವನ್ನು ಚಾಲೂ ಮಾಡುತ್ತದೆ. ಆ ಕೋಶ ಯಾವ ರೋಗಾಣುವಿಗಾಗಿ ತಯಾರಾದದ್ದು ಎಂಬುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಹಾಗಾಗಿಯೇ ಇದನ್ನು ಸೂಪರ್‌ಅಗೊನಿಸ್ಟ್ ಎಂದು ಕರೆದರು.

ಇಂಥದ್ದನ್ನು ಮನುಷ್ಯನಿಗೆ ಕೊಡುವ ಯೋಚನೆಯಾದರೂ ಯಾಕೆ ಬಂತು? ವ್ಯೂರ್ಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಥಾಮಸ್ ಹ್ಯೂನಿಗ್ ಮತ್ತು ಸಂಗಡಿಗರು ಇಲಿಗಳಲ್ಲಿ ಕಂಡ ಫಲಿತಾಂಶ ಅದಕ್ಕೆ ಕಾರಣ. ಇಲಿಯ ಸಿಡಿ28ಕ್ಕೆ ಅಂಟುವ ಇದೇ ಬಗೆಯ ಪ್ರತಿಕಾಯ ಕೊಟ್ಟಾಗ ಉರಿಯೂತವನ್ನು ಹದ್ದುಬಸ್ತಿನಲ್ಲಿಡುವ ರೆಗ್ಯುಲೇಟರಿ ಟಿ ಕೋಶಗಳು ಹೆಚ್ಚಿದವು, ಇಲಿಗಳ ಕೀಲು ಉರಿಯೂತ ತಗ್ಗಿತು, ಅಡ್ಡ ಪರಿಣಾಮ ಕಾಣಲಿಲ್ಲ. ರುಮಟಾಯ್ಡ್ ಸಂಧಿವಾತಕ್ಕೂ ಬಿ ಕೋಶಗಳ ದೀರ್ಘಕಾಲೀನ ಲ್ಯುಕೇಮಿಯಾಕ್ಕೂ ಮದ್ದಾಗಬಹುದು ಎಂಬ ನಿರೀಕ್ಷೆ ಅಲ್ಲಿಂದ ಹುಟ್ಟಿತು. ಯೋಚನೆಯಲ್ಲಿ ಹುಚ್ಚುತನವೇನೂ ಇರಲಿಲ್ಲ ಎಂಬುದನ್ನು ಮರೆಯಬಾರದು.

ಆ ದಿನದ ಗಡಿಯಾರ

ಪ್ರಯೋಗ ನಡೆಸಿದ್ದು ಪ್ಯಾರೆಕ್ಸೆಲ್ ಎಂಬ ಕಂಪನಿ, ಆಸ್ಪತ್ರೆಯ ಆವರಣದಲ್ಲೇ ಇದ್ದ ತನ್ನ ಘಟಕದಲ್ಲಿ. ಎಂಟು ಸ್ವಯಂಸೇವಕರು, ಎಲ್ಲರೂ ಗಂಡಸರು, ವಯಸ್ಸು 19ರಿಂದ 34. ಆರು ಮಂದಿಗೆ ಔಷಧಿ, ಇಬ್ಬರಿಗೆ ಪ್ಲಾಸಿಬೊ, ಅಂದರೆ ಔಷಧಿಯಿಲ್ಲದ ಹುಸಿ ಮದ್ದು. ಔಷಧಿಯ ಪ್ರಮಾಣ ದೇಹತೂಕದ ಪ್ರತಿ ಕಿಲೋಗೆ 0.1 ಮಿಲಿಗ್ರಾಂ. ಬೆಳಿಗ್ಗೆ 8ಕ್ಕೆ ಶುರು. ಒಬ್ಬೊಬ್ಬರಿಗೆ 3ರಿಂದ 6 ನಿಮಿಷದಲ್ಲಿ ನರಕ್ಕೆ ಕೊಟ್ಟು ಮುಗಿಸಿ, 10 ನಿಮಿಷದ ಅಂತರದಲ್ಲಿ ಮುಂದಿನವರಿಗೆ. ಎಂಟೂ ಜನರಿಗೆ ಕೊಟ್ಟು ಮುಗಿಯಲು ಹೆಚ್ಚುಕಡಿಮೆ ಒಂದೂಕಾಲು ಗಂಟೆ.

ಔಷಧಿ ಒಳಗೆ ಹೋದ 50ರಿಂದ 90 ನಿಮಿಷಕ್ಕೆ ತೀವ್ರ ತಲೆನೋವು ಬಂತು. ಅದರ ಹಿಂದೆಯೇ ಸೊಂಟದ ಸ್ನಾಯುಗಳಲ್ಲಿ ನೋವು, ಚಡಪಡಿಕೆ, ವಾಕರಿಕೆ, ವಾಂತಿ, ಭೇದಿ, ಮೈ ಕೆಂಪೇರುವುದು, ನಡುಕದ ಜೊತೆ ಜ್ವರ. ಇಷ್ಟರ ಮಟ್ಟಿಗೆ ಇದು ಜೋರಾದ ಫ್ಲೂ ಬಂದಂತೆಯೇ ಕಾಣುತ್ತದೆ. ಮೂರೂವರೆ ನಾಲ್ಕು ಗಂಟೆಯ ಹೊತ್ತಿಗೆ ಚಿತ್ರ ಬದಲಾಯಿತು: ನಾಡಿ ನೂರು ದಾಟಿ ಓಡತೊಡಗಿತು, ರಕ್ತದೊತ್ತಡ ಇಳಿಯಿತು. 12ರಿಂದ 16 ಗಂಟೆಯೊಳಗೆ ಎಕ್ಸ್‌ರೇಯಲ್ಲಿ ಶ್ವಾಸಕೋಶದ ತುಂಬ ಬಿಳಿ ಮಚ್ಚೆ, ಮೂತ್ರಪಿಂಡ ಸೋಲುವ ಲಕ್ಷಣ, ರಕ್ತನಾಳಗಳೊಳಗೆ ಅಲ್ಲಲ್ಲೇ ಹೆಪ್ಪುಗಟ್ಟುವಿಕೆ. ಪ್ಲಾಸಿಬೊ ಪಡೆದ ಇಬ್ಬರಿಗೆ ಏನೂ ಆಗಲಿಲ್ಲ. ಔಷಧಿಯ ಕೋಡ್ ಬಿಚ್ಚಿ ನೋಡುವ ಮೊದಲೇ ಯಾರಿಗೆ ಏನು ಕೊಟ್ಟಿದ್ದಾರೆ ಎಂಬುದು ಹಾಸಿಗೆ ಹಾಸಿಗೆಯಲ್ಲೂ ಕಾಣುತ್ತಿತ್ತು.

ಒಳಗೆ ನಡೆದದ್ದೇನು

ರಕ್ತದ ಮಾದರಿಗಳನ್ನು ಮೊದಲೇ ನಿಗದಿಯಾದ ಹೊತ್ತಿಗೆ ತೆಗೆಯುತ್ತಿದ್ದರಿಂದ ರೋಗನಿರೋಧಕ ಕೋಶಗಳು ಒಂದಕ್ಕೊಂದು ಸುದ್ದಿ ಕಳಿಸಲು ಬಿಡುವ ಸೈಟೊಕೈನ್ ಎಂಬ ಪ್ರೋಟೀನ್‌ಗಳು ಯಾವ ಕ್ರಮದಲ್ಲಿ ಏರಿದವೆಂಬುದು ದಾಖಲಾಯಿತು. ಎಲ್ಲಕ್ಕಿಂತ ಮುಂಚೆ, ಒಂದು ಗಂಟೆಯ ಸುಮಾರಿಗೆ, ಟಿಎನ್‌ಎಫ್ ಎಂಬ ಸೈಟೊಕೈನ್ ಏರಿತು. ನಾಲ್ಕು ಗಂಟೆಯ ಮಾದರಿಯಲ್ಲಿ ಐಎಲ್-2, ಐಎಲ್-6, ಐಎಲ್-10, ಇಂಟರ್‌ಫೆರಾನ್-ಗಾಮಾ ಎಲ್ಲವೂ ಮೇಲಿದ್ದವು. ತಲೆನೋವು, ಸೊಂಟನೋವಿನ ಗಂಟೆಯೂ ಟಿಎನ್‌ಎಫ್ ಏರಿದ ಗಂಟೆಯೂ ಒಂದೇ ಎಂಬುದನ್ನು ಗಮನಿಸಿ. ಬರೀ ತಲೆನೋವೆಂದು ಪ್ಯಾರಾಸಿಟಮಾಲ್ ಕೊಟ್ಟು ಸುಮ್ಮನಾಗುವ ಲಕ್ಷಣವೇ ಇಲ್ಲಿ ಅನಾಹುತದ ಮೊದಲ ಸೂಚನೆ.

ಟಿಎನ್‌ಎಫ್ ಮತ್ತು ಅದರ ಸಂಗಡಿಗರು ಹೆಚ್ಚು ಹಾನಿ ಮಾಡುವುದು ರಕ್ತನಾಳದ ಒಳಪದರದಲ್ಲಿ. ಆ ಪದರದ ಕೋಶಗಳು ಸಾಮಾನ್ಯವಾಗಿ ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಂಡಿರುತ್ತವೆ. ಸೈಟೊಕೈನ್ ತಟ್ಟಿದಾಗ ಮೂರು ಕೆಲಸ ಏಕಕಾಲಕ್ಕೆ ಆಗುತ್ತವೆ. ಕೋಶಗಳ ನಡುವಿನ ಸಂದು ಸಡಿಲವಾಗಿ ಪ್ಲಾಸ್ಮಾ ಹೊರಗೆ ಸೋರುತ್ತದೆ. ನೈಟ್ರಿಕ್ ಆಕ್ಸೈಡ್ ಹೆಚ್ಚಿ ನಾಳಗಳು ಅಗಲವಾಗುತ್ತವೆ. ಜೊತೆಗೆ ಟಿಶ್ಯೂ ಫ್ಯಾಕ್ಟರ್ ಎಂಬ ಪ್ರೋಟೀನ್ ಹೊರಬಂದು ಹೆಪ್ಪುಗಟ್ಟುವಿಕೆಗೆ ಚಾಲನೆ ಕೊಡುತ್ತದೆ. ಮೊದಲ ಎರಡು ಸೇರಿದರೆ ರಕ್ತದೊತ್ತಡ ಕುಸಿತ. ಮೂರನೆಯದು ಪ್ಲೇಟ್‌ಲೆಟ್ ತಿಂದುಹಾಕುತ್ತದೆ, ಕಿರುನಾಳಗಳನ್ನು ಮುಚ್ಚುತ್ತದೆ. ಒಬ್ಬ ಸ್ವಯಂಸೇವಕ ಮುಂದೆ ಕಾಲ್ಬೆರಳುಗಳನ್ನೂ ಕೆಲವು ಕೈಬೆರಳುಗಳ ತುದಿಯನ್ನೂ ಕಳೆದುಕೊಂಡದ್ದು ರಕ್ತ ಹರಿಯದೆ ಅಲ್ಲಿನ ಅಂಗಾಂಶ ಸತ್ತದ್ದರಿಂದ. ಆ ಬೆರಳುಗಳಲ್ಲಿ ಬ್ಯಾಕ್ಟೀರಿಯಾ ಇರಲಿಲ್ಲ, ಗಾಯವೂ ಇರಲಿಲ್ಲ.

ಸೋರಿಕೆಯಿಂದ ಚಿಕಿತ್ಸೆಗೂ ಒಂದು ಇಕ್ಕಟ್ಟು. ಒತ್ತಡ ಬಿದ್ದಿದೆ ಎಂದು ಸಲೈನ್ ಏರಿಸಿದರೆ ಆ ನೀರು ನಾಳದಲ್ಲಿ ನಿಲ್ಲದೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಏರಿಸದಿದ್ದರೆ ಮೂತ್ರಪಿಂಡಕ್ಕೆ ರಕ್ತ ಸಾಲದು. ತೀವ್ರ ಡೆಂಗಿಯ ರೋಗಿಯನ್ನು ನೋಡಿಕೊಳ್ಳುವ ನಮ್ಮ ವೈದ್ಯರಿಗೆ ಈ ಹಗ್ಗದ ನಡಿಗೆ ಚೆನ್ನಾಗಿ ಗೊತ್ತು.

ಎಲ್ಲರನ್ನೂ ಅಚ್ಚರಿಗೊಳಿಸಿದ್ದು ಬಿಳಿ ರಕ್ತಕಣಗಳ ಎಣಿಕೆ. ಟಿ ಕೋಶಗಳನ್ನು ಹೆಚ್ಚಿಸಬೇಕಿದ್ದ ಔಷಧಿ ಇದು. ಆದರೆ 24 ಗಂಟೆಯೊಳಗೆ ಲಿಂಫೊಸೈಟ್‌ಗಳೂ (ಟಿ ಕೋಶಗಳು ಈ ಗುಂಪಿನವು) ಮೊನೊಸೈಟ್‌ಗಳೂ ರಕ್ತದಿಂದ ಬಹುತೇಕ ಮಾಯವಾಗಿದ್ದವು. ಕೆರಳಿದ ಟಿ ಕೋಶ ರಕ್ತದಲ್ಲಿ ತೇಲುತ್ತ ಕೂರುವುದಿಲ್ಲ, ನಾಳದ ಗೋಡೆಗೆ ಅಂಟಿ ಅಂಗಾಂಶಕ್ಕೆ ನುಗ್ಗುತ್ತದೆ. ರಕ್ತದ ರಿಪೋರ್ಟಿನಲ್ಲಿ ಲಿಂಫೊಸೈಟ್ ಕಡಿಮೆ ಎಂದಿದ್ದರೆ ರೋಗನಿರೋಧಕ ಶಕ್ತಿ ಸೋತಿದೆ ಎಂದು ಓದುವುದು ಜನಸಾಮಾನ್ಯರ ರೂಢಿ. ಇಲ್ಲಿ ಅದರ ಅರ್ಥ ತೀರಾ ತದ್ವಿರುದ್ಧ.

ಚಿಕಿತ್ಸೆ ಹೇಗೆ ಸಾಗಿತು ಎಂಬುದನ್ನು ಚುಟುಕಾಗಿ ಹೇಳಬಹುದು, ಯಾಕೆಂದರೆ 2006ರಲ್ಲಿ ಐಸಿಯು ವೈದ್ಯರ ಕೈಯಲ್ಲಿ ಹೆಚ್ಚೇನೂ ಇರಲಿಲ್ಲ. ಭಾರೀ ಪ್ರಮಾಣದಲ್ಲಿ ಮೀಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್, ಐಎಲ್-2ರ ರಿಸೆಪ್ಟರ್ ತಡೆಯುವ ಡಾಕ್ಲಿಜುಮ್ಯಾಬ್, ಡಯಾಲಿಸಿಸ್, ಆಮ್ಲಜನಕ. ಇಬ್ಬರಿಗೆ ದೀರ್ಘಕಾಲದ ಶಾಕ್ ಮತ್ತು ಶ್ವಾಸಕೋಶದ ತೀವ್ರ ವೈಫಲ್ಯ. ಒಬ್ಬರಿಗೆ 8 ದಿನ, ಇನ್ನೊಬ್ಬರಿಗೆ 16 ದಿನ ಅಂಗಾಂಗಗಳಿಗೆ ಯಂತ್ರದ ಆಸರೆ ಬೇಕಾಯಿತು. ಆರೂ ಮಂದಿ ಬದುಕಿದರು. ಪ್ರಯೋಗದ ಘಟಕ ಆಸ್ಪತ್ರೆಯ ಆವರಣದಲ್ಲೇ ಇರದೆ ಊರಾಚೆಯ ಯಾವುದೋ ಕಟ್ಟಡದಲ್ಲಿ ಇದ್ದಿದ್ದರೆ ಈ ವಾಕ್ಯ ಬರೆಯಲು ಆಗುತ್ತಿತ್ತೋ ಇಲ್ಲವೋ.

ಕಾರಣ ಹುಡುಕಿದಾಗ

ಮೊದಲ ಅನುಮಾನ ಸಹಜವಾಗಿಯೇ ಕಲಬೆರಕೆಯ ಮೇಲೆ ಹೋಯಿತು. ಬ್ಯಾಕ್ಟೀರಿಯಾದ ಎಂಡೊಟಾಕ್ಸಿನ್ ಎಂಬ ವಿಷ ಚೂರು ಸೇರಿದರೂ ಇಂಥದ್ದೇ ಚಿತ್ರ ಬರುತ್ತದೆ. ಅಳತೆ ತಪ್ಪಿ ಹತ್ತು ಪಟ್ಟು ಔಷಧಿ ಹೋಗಿರಬಹುದೇ ಎಂದೂ ನೋಡಿದರು. ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ ಎಂಎಚ್‌ಆರ್‌ಎ ನಡೆಸಿದ ತಪಾಸಣೆಯಲ್ಲಿ ತಯಾರಿಕೆ, ಶುದ್ಧತೆ, ಅಳತೆ ಯಾವುದರಲ್ಲೂ ಈ ಅನಾಹುತವನ್ನು ವಿವರಿಸುವ ದೋಷ ಸಿಗಲಿಲ್ಲ. ಒಪ್ಪಿಗೆ ಪಡೆದ ಯೋಜನೆಯಂತೆಯೇ ಪ್ರಯೋಗ ನಡೆದಿತ್ತು. ನಿಯಮ ಮುರಿದದ್ದರಿಂದ ಆದ ದುರಂತಕ್ಕಿಂತ ನಿಯಮ ಪಾಲಿಸಿಯೂ ಆದ ದುರಂತವೇ ಹೆಚ್ಚು ಭಯ ಹುಟ್ಟಿಸುವಂಥದ್ದು, ಏಕೆಂದರೆ ಆಗ ನಿಯಮವೇ ತಪ್ಪು ಎಂದಾಗುತ್ತದೆ.

ತಪ್ಪು ಇದ್ದದ್ದು ಪ್ರಮಾಣ ಗೊತ್ತುಮಾಡಿದ ಕ್ರಮದಲ್ಲಿ. ಸೈನೊಮೊಲ್ಗಸ್ ಕೋತಿಗಳಿಗೆ ಕಿಲೋಗೆ 50 ಮಿಲಿಗ್ರಾಂ ಕೊಟ್ಟರೂ ತೊಂದರೆ ಕಂಡಿರಲಿಲ್ಲ. ಅದನ್ನು ಮನುಷ್ಯನ ಮೈ ಅಳತೆಗೆ ಪರಿವರ್ತಿಸಿದರೆ ಸುಮಾರು 16 ಮಿಲಿಗ್ರಾಂ. ಸುರಕ್ಷತೆಗೆಂದು ಹತ್ತರಿಂದ ಭಾಗಿಸಿ, ಇನ್ನೂ ಇಳಿಸಿ 0.1ಕ್ಕೆ ತಂದು ನಿಲ್ಲಿಸಿದರು. ಕೋತಿಗೆ ಕೊಟ್ಟದ್ದರ ಐನೂರನೇ ಒಂದು ಪಾಲು. ಕಾಗದದ ಮೇಲೆ ಇದಕ್ಕಿಂತ ಎಚ್ಚರಿಕೆ ಬೇಕೆ ಅನ್ನಿಸುತ್ತದೆ.

ಈಗ ಅದೇ ಪ್ರಮಾಣವನ್ನು ಬೇರೆ ದಾರಿಯಿಂದ ಲೆಕ್ಕ ಹಾಕಿ ನೋಡೋಣ. 70 ಕಿಲೋ ತೂಕದವನಿಗೆ 7 ಮಿಲಿಗ್ರಾಂ. ಪ್ಲಾಸ್ಮಾ ಸುಮಾರು 2.5 ಲೀಟರ್, ಅಂದರೆ ಲೀಟರಿಗೆ 2.8 ಮಿಲಿಗ್ರಾಂ. ಪ್ರತಿಕಾಯದ ಅಣುತೂಕ ಹತ್ತಿರ ಹತ್ತಿರ 1,50,000 ಆದ್ದರಿಂದ ಇದು ಸುಮಾರು 18.7 ನ್ಯಾನೊಮೋಲಾರ್ (ದ್ರಾವಣದಲ್ಲಿನ ಅಣುಗಳ ಸಾಂದ್ರತೆಯ ಅಳತೆ). ಟಿಜಿಎನ್1412 ಸಿಡಿ28ಕ್ಕೆ ಅಂಟುವ ಬಿಗಿ 1.88 ನ್ಯಾನೊಮೋಲಾರ್, ಅಂದರೆ ಅಷ್ಟು ಸಾಂದ್ರತೆಯಲ್ಲೇ ಅರ್ಧದಷ್ಟು ರಿಸೆಪ್ಟರ್ ಭರ್ತಿ. 18.7 ಇದ್ದಾಗ? 18.7ನ್ನು 18.7 ಮತ್ತು 1.88ರ ಮೊತ್ತದಿಂದ ಭಾಗಿಸಿದರೆ 0.91. ಮೊಟ್ಟಮೊದಲ, ಅತಿ ಕಡಿಮೆ ಎಂದುಕೊಂಡ ಡೋಸಿನಲ್ಲೇ ಶೇ 90ರಷ್ಟು ಸಿಡಿ28 ಭರ್ತಿಯಾಗಿತ್ತು. ಯೋಜನೆಯಲ್ಲಿದ್ದ ಮುಂದಿನ ಮೆಟ್ಟಿಲುಗಳು 0.5, 2 ಮತ್ತು 5 ಮಿಲಿಗ್ರಾಂ. ಈ ಲೆಕ್ಕದ ಪ್ರಕಾರ ಹತ್ತಲು ಮೆಟ್ಟಿಲೇ ಉಳಿದಿರಲಿಲ್ಲ. ಶೇ 10ರಷ್ಟು ಮಾತ್ರ ಭರ್ತಿಯಾಗಬೇಕು ಎಂದುಕೊಂಡಿದ್ದರೆ ಕಿಲೋಗೆ 0.001 ಮಿಲಿಗ್ರಾಂ ಸಾಕಿತ್ತು. ಹೈಸ್ಕೂಲು ಗಣಿತದ ಆಚೆ ಇದರಲ್ಲಿ ಏನೂ ಇಲ್ಲ, ಬೇಕಾದ ಅಂಕಿಗಳೂ ಕೈಯಲ್ಲೇ ಇದ್ದವು.

ಹಾಗಾದರೆ ಕೋತಿಗಳಿಗೆ ಯಾಕೆ ಏನೂ ಆಗಲಿಲ್ಲ? ಕೋತಿಯ ಸಿಡಿ28 ಮತ್ತು ಮನುಷ್ಯನ ಸಿಡಿ28ರ ಹೊರಭಾಗ ಒಂದೇ ತೆರ, ಪ್ರತಿಕಾಯ ಎರಡಕ್ಕೂ ಚೆನ್ನಾಗಿಯೇ ಅಂಟುತ್ತದೆ. ಕಂಪನಿ ಕೋತಿಯನ್ನು ಆರಿಸಿದ್ದೂ ಇದೇ ಕಾರಣಕ್ಕೆ. ಬ್ರಿಟನ್ನಿನ ಜೈವಿಕ ಮಾನಕ ಸಂಸ್ಥೆಯ ತಂಡ 2010ರಲ್ಲಿ ಉತ್ತರ ಕೊಟ್ಟಿತು. ಹಳೆಯ ಸೋಂಕುಗಳ ನೆನಪು ಹೊತ್ತು ಅಂಗಾಂಶಗಳಲ್ಲಿ ಓಡಾಡುವ, ಕೆರಳಿದರೆ ಕೂಡಲೇ ಸೈಟೊಕೈನ್ ಸುರಿಸುವ ಎಫೆಕ್ಟರ್ ಮೆಮೊರಿ ಎಂಬ ಸಿಡಿ4 ಟಿ ಕೋಶಗಳಿವೆ. ಮನುಷ್ಯರಲ್ಲಿ ಇವುಗಳ ಮೇಲೆ ಸಿಡಿ28 ಉಳಿದಿರುತ್ತದೆ. ಈ ಕೋತಿಗಳಲ್ಲಿ ಕೋಶ ಆ ಹಂತಕ್ಕೆ ಬರುವಷ್ಟರಲ್ಲಿ ಸಿಡಿ28 ಕಳಚಿಹೋಗಿರುತ್ತದೆ. ರಿಸೆಪ್ಟರ್‌ನ ಅಮೈನೊ ಆಮ್ಲಗಳ ಸಾಲು ಹೋಲುತ್ತದೆಯೇ ಎಂದಷ್ಟೇ ನೋಡಿದರು, ಅದು ಯಾವ ಕೋಶದ ಮೇಲೆ ಕೂತಿದೆ ಎಂದು ನೋಡಲಿಲ್ಲ. ಇಲಿಗಳ ಕಥೆ ಬೇರೆ: ರೋಗಾಣುಗಳ ಸಂಪರ್ಕವೇ ಇಲ್ಲದ ಸ್ವಚ್ಛ ಗೂಡುಗಳಲ್ಲಿ ಬೆಳೆದ ಅವುಗಳಲ್ಲಿ ಮೆಮೊರಿ ಕೋಶಗಳೇ ವಿರಳ. ಮೂವತ್ತು ವರ್ಷ ಶೀತ, ನೆಗಡಿ, ಭೇದಿ ಕಂಡು ಬೆಳೆದ ಮನುಷ್ಯನ ಮೈ ಹಾಗಿರುವುದಿಲ್ಲ.

ಮನುಷ್ಯರ ರಕ್ತಕಣಗಳ ಮೇಲಿನ ಪರೀಕ್ಷೆಯೂ ಕೈಕೊಟ್ಟಿತ್ತು. ಬಿಳಿ ರಕ್ತಕಣಗಳಿರುವ ದ್ರಾವಣಕ್ಕೆ ಟಿಜಿಎನ್1412 ಬೆರೆಸಿದರೆ ಸೈಟೊಕೈನ್ ಬರುವುದಿಲ್ಲ. ಅದೇ ಪ್ರತಿಕಾಯವನ್ನು ಪ್ಲಾಸ್ಟಿಕ್ ತಟ್ಟೆಯ ತಳಕ್ಕೆ ಅಂಟಿಸಿಟ್ಟು ಮೇಲೆ ಕೋಶಗಳನ್ನು ಸುರಿದರೆ, ಅಥವಾ ರಕ್ತನಾಳದ ಒಳಪದರದ ಕೋಶಗಳ ಜೊತೆ ಇಟ್ಟರೆ ಧಾರಾಳವಾಗಿ ಬರುತ್ತದೆ. ಹ್ಯೂನಿಗ್ ಅವರ ತಂಡ 2011ರಲ್ಲಿ ಇನ್ನೊಂದು ಸಂಗತಿ ತೋರಿಸಿತು: ರಕ್ತದಿಂದ ತೆಗೆದ ಕೋಶಗಳನ್ನು ಎರಡು ದಿನ ಒತ್ತೊತ್ತಾಗಿ ಬೆಳೆಸಿ ಆಮೇಲೆ ಪರೀಕ್ಷಿಸಿದರೆ ದ್ರಾವಣದಲ್ಲಿರುವ ಔಷಧಿಗೂ ಅವು ಕೆರಳುತ್ತವೆ. ಅಂಗಾಂಶದಲ್ಲಿರುವಾಗ ಟಿ ಕೋಶಗಳು ಅಕ್ಕಪಕ್ಕದ ಕೋಶಗಳನ್ನು ಸದಾ ಮುಟ್ಟುತ್ತ ಅರೆ ಎಚ್ಚರದಲ್ಲಿರುತ್ತವೆ. ರಕ್ತಕ್ಕೆ ಇಳಿದಾಗ ಆ ಎಚ್ಚರ ತಪ್ಪುತ್ತದೆ. ನಾವು ಸಿರಿಂಜಿನಲ್ಲಿ ಎಳೆದು ಪರೀಕ್ಷಿಸುವುದು ಯಾವತ್ತೂ ಈ ಮಂಕಾದ ಕೋಶಗಳನ್ನೇ.

ಇಷ್ಟೆಲ್ಲ ಜೀವಶಾಸ್ತ್ರ 2006ರಲ್ಲಿ ಗೊತ್ತಿರಲಿಲ್ಲ, ಅದಕ್ಕಾಗಿ ಯಾರನ್ನೂ ದೂರಲಾಗದು. 10 ನಿಮಿಷದ ಅಂತರಕ್ಕೆ ಮಾತ್ರ ಸಮಜಾಯಿಷಿ ಸಿಗುವುದಿಲ್ಲ. ಮೂತ್ರಪಿಂಡ ಕಸಿಯಲ್ಲಿ ಬಳಸುತ್ತಿದ್ದ, ಟಿ ಕೋಶಗಳಿಗೇ ಅಂಟುವ ಓಕೆಟಿ3 ಎಂಬ ಪ್ರತಿಕಾಯಕ್ಕೆ 1986ರಲ್ಲೇ ಅಮೆರಿಕದಲ್ಲಿ ಅನುಮತಿ ಸಿಕ್ಕಿತ್ತು. ಅದರ ಮೊದಲ ಡೋಸ್ ಕೊಟ್ಟ ಗಂಟೆ ಎರಡು ಗಂಟೆಯಲ್ಲಿ ಜ್ವರ, ನಡುಕ, ಸೈಟೊಕೈನ್ ಏರಿಕೆ ಕಾಣುತ್ತದೆ ಎಂಬುದು ವೈದ್ಯರಿಗೆಲ್ಲ ತಿಳಿದಿತ್ತು. ಮೊದಲನೆಯವನಿಗೆ ಕೊಟ್ಟು ಮೂರು ಗಂಟೆ ಕಾದಿದ್ದರೂ ಸಾಕಿತ್ತು, ಉಳಿದ ಐವರು ಮನೆಗೆ ಹೋಗುತ್ತಿದ್ದರು.

ಬದಲಾದದ್ದು

ಬ್ರಿಟನ್ ಸರ್ಕಾರ ಗಾರ್ಡನ್ ಡಫ್ ಅವರ ಅಧ್ಯಕ್ಷತೆಯಲ್ಲಿ ತಜ್ಞರ ಸಮಿತಿ ನೇಮಿಸಿತು. ಅದೇ ವರ್ಷದ ಕೊನೆಗೆ 22 ಶಿಫಾರಸುಗಳು ಬಂದವು. 2007ರಲ್ಲಿ ಯುರೋಪಿನ ಔಷಧ ಸಂಸ್ಥೆ ಮಾರ್ಗಸೂಚಿ ಹೊರಡಿಸಿತು. ಅಪಾಯದ ಸಾಧ್ಯತೆಯಿರುವ ಔಷಧಿಗೆ ಪ್ರಾಣಿಯಲ್ಲಿ ಹಾನಿ ಕಾಣದ ಪ್ರಮಾಣವೊಂದನ್ನೇ ಆಧರಿಸಬಾರದು. ಮನುಷ್ಯರ ಕೋಶಗಳಲ್ಲಿ ಅತಿ ಕನಿಷ್ಠ ಪರಿಣಾಮ ತೋರುವ ಪ್ರಮಾಣ ಎಷ್ಟೆಂದು ಲೆಕ್ಕ ಹಾಕಿ ಅಲ್ಲಿಂದ ಶುರುಮಾಡಬೇಕು. ಮೊದಲು ಒಬ್ಬರಿಗೆ ಮಾತ್ರ, ಲಕ್ಷಣ ಕಾಣಿಸಬಹುದಾದ ಅವಧಿ ಮುಗಿದ ಮೇಲೆ ಮುಂದಿನವರಿಗೆ. ನರಕ್ಕೆ ಕೊಡುವುದಾದರೆ ನಿಧಾನವಾಗಿ, ಮಧ್ಯದಲ್ಲಿ ನಿಲ್ಲಿಸಲು ಆಗುವಂತೆ. ಟೆಜೆನೆರೊ 2006ರ ಜುಲೈನಲ್ಲೇ ದಿವಾಳಿಯಾಗಿತ್ತು.

ಚಿಕಿತ್ಸೆಯ ಮಟ್ಟಿಗೆ ದೊಡ್ಡ ತಿರುವು ಬಂದದ್ದು 2012ರಲ್ಲಿ, ಫಿಲಡೆಲ್ಫಿಯಾದಲ್ಲಿ. ಲ್ಯುಕೇಮಿಯಾಗೆ ಕಾರ್-ಟಿ ಕೋಶ (ಕ್ಯಾನ್ಸರ್ ಕೋಶಗಳನ್ನು ಹೊಡೆಯಲು ಮಾರ್ಪಡಿಸಿದ ಟಿ ಕೋಶ) ಪಡೆದ ಒಂದು ಮಗುವಿಗೆ ಇದೇ ಬಗೆಯ ಸ್ಥಿತಿ ಬಂದಾಗ, ರಕ್ತದಲ್ಲಿ ಐಎಲ್-6 ವಿಪರೀತ ಏರಿರುವುದನ್ನು ಕಂಡು ಐಎಲ್-6ರ ರಿಸೆಪ್ಟರ್ ತಡೆಯುವ, ಸಂಧಿವಾತಕ್ಕೆ ಬಳಸುವ ಟೊಸಿಲಿಜುಮ್ಯಾಬ್ ಕೊಟ್ಟರು, ಮಗು ಬೇಗನೆ ಚೇತರಿಸಿಕೊಂಡಿತು. 2017ರಲ್ಲಿ ಅಮೆರಿಕ ಈ ಬಳಕೆಗೆ ಅನುಮತಿ ಕೊಟ್ಟಿತು. ಬೆಂಗಳೂರಿನ ಆಸ್ಪತ್ರೆಗಳಲ್ಲೂ ಈಗ ಕಾರ್-ಟಿ ಚಿಕಿತ್ಸೆ ನಡೆಯುತ್ತದೆ, ಅಲ್ಲಿ ಕೋಶ ಒಳಗೆ ಹೋಗುವ ಮುಂಚೆಯೇ ಈ ಔಷಧಿ ಕೈಗೆ ಸಿಗುವಂತಿರಬೇಕು. ಈ ಸ್ಥಿತಿಯ ತೀವ್ರತೆ ಅಳೆಯುವ ಕ್ರಮ ಸರಳ. 38 ಡಿಗ್ರಿ ಸೆಲ್ಸಿಯಸ್ ಮತ್ತು ಮೇಲ್ಪಟ್ಟ ಜ್ವರ ಮಾತ್ರ ಇದ್ದರೆ ಒಂದನೇ ದರ್ಜೆ. ಸಲೈನ್‌ಗೆ ಬಗ್ಗುವ ಒತ್ತಡ ಕುಸಿತ ಅಥವಾ ಕಡಿಮೆ ಹರಿವಿನ ಆಮ್ಲಜನಕ ಬೇಕಾದರೆ ಎರಡು. ಒತ್ತಡ ಏರಿಸುವ ಔಷಧಿ ಅಥವಾ ಹೆಚ್ಚು ಹರಿವಿನ ಆಮ್ಲಜನಕ ಬೇಕಾದರೆ ಮೂರು. ಅಂಥ ಔಷಧಿ ಒಂದಕ್ಕಿಂತ ಹೆಚ್ಚು ಬೇಕಾದರೆ ಅಥವಾ ವೆಂಟಿಲೇಟರ್ ಹಂತಕ್ಕೆ ಹೋದರೆ ನಾಲ್ಕು. ಟೊಸಿಲಿಜುಮ್ಯಾಬ್ ಪ್ರಮಾಣ ಕಿಲೋಗೆ 8 ಮಿಲಿಗ್ರಾಂ, 30 ಕಿಲೋಗಿಂತ ಕಡಿಮೆ ತೂಕದ ಮಕ್ಕಳಿಗೆ 12. ಒಂದು ಸಲಕ್ಕೆ 800 ಮಿಲಿಗ್ರಾಂ ಮೀರುವಂತಿಲ್ಲ, ಒಂದು ಗಂಟೆ ಹಿಡಿಸಿ ಕೊಡಬೇಕು. ಫಲ ಕಾಣದಿದ್ದರೆ ಕನಿಷ್ಠ 8 ಗಂಟೆ ಬಿಟ್ಟು ಮತ್ತೆ.

ಎಡವುವ ಜಾಗ ಇಲ್ಲೂ ಇದೆ. ಉರಿಯೂತ ಎಷ್ಟಿದೆ ಎಂದು ತಿಳಿಯಲು ರಕ್ತದಲ್ಲಿ ಅಳೆಯುವ ಸಿಆರ್‌ಪಿ ಎಂಬ ಪ್ರೋಟೀನನ್ನು ಯಕೃತ್ತು ತಯಾರಿಸುವುದೇ ಐಎಲ್-6ರ ಅಪ್ಪಣೆಯ ಮೇಲೆ. ಟೊಸಿಲಿಜುಮ್ಯಾಬ್ ಕೊಟ್ಟ ಮೇಲೆ ಸಿಆರ್‌ಪಿ ಇಳಿಯುತ್ತದೆ, ಜ್ವರವೂ ಇಳಿಯುತ್ತದೆ, ಒಳಗೆ ನಿಜವಾದ ಸೋಂಕು ಬೆಳೆಯುತ್ತಿದ್ದರೂ ಸಹ. ಆಮೇಲೆ ಆ ಎರಡು ಅಂಕಿಗಳನ್ನು ನೆಚ್ಚಿಕೊಂಡು ಕೂರಲಾಗದು. ಇನ್ನು ಸ್ಟೀರಾಯ್ಡ್: ಕೋವಿಡ್‌ನಲ್ಲಿ ಡೆಕ್ಸಾಮೆಥಸೋನ್ ದಿನಕ್ಕೆ 6 ಮಿಲಿಗ್ರಾಂನಂತೆ ಗರಿಷ್ಠ 10 ದಿನ ಕೊಟ್ಟಾಗ ಸಾವು ತಗ್ಗಿದ್ದು ಆಮ್ಲಜನಕ ಬೇಕಾದವರಲ್ಲಿ ಮಾತ್ರ. 2021ರ ಎರಡನೇ ಅಲೆಯಲ್ಲಿ ಜ್ವರ ಬಂದ ಮೊದಲ ದಿನವೇ ಮೆಡಿಕಲ್ ಶಾಪಿನಿಂದ ತಂದು ನುಂಗಿದವರಿಗೆ ಅದು ರೋಗಾಣುವಿನ ವಿರುದ್ಧ ಬೇಕಿದ್ದ ಪ್ರತಿರೋಧವನ್ನೇ ಕುಗ್ಗಿಸಿತು. ಸಕ್ಕರೆ ಕಾಯಿಲೆ ಇದ್ದವರಲ್ಲಿ ಕಪ್ಪು ಶಿಲೀಂಧ್ರಕ್ಕೆ ದಾರಿಯಾದ ಕಾರಣಗಳಲ್ಲಿ ಅದೂ ಒಂದು.

ಟಿಜಿಎನ್1412 ಅಲ್ಲಿಗೇ ಸಾಯಲಿಲ್ಲ. ಟ್ಯಾಬ್08 ಎಂಬ ಹೊಸ ಹೆಸರಿನಲ್ಲಿ ಅದೇ ಪ್ರತಿಕಾಯವನ್ನು ರಷ್ಯಾದಲ್ಲಿ ಮತ್ತೆ ಆರೋಗ್ಯವಂತ ಸ್ವಯಂಸೇವಕರಿಗೆ ಕೊಟ್ಟರು, ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ಈ ಸಲ ಶುರುಮಾಡಿದ್ದು ಕಿಲೋಗೆ 0.1 ಮೈಕ್ರೊಗ್ರಾಂನಿಂದ, ಲಂಡನ್ ಡೋಸಿನ ಸಾವಿರದಲ್ಲೊಂದು ಪಾಲು. ನಿಧಾನ ಡ್ರಿಪ್‌ನಲ್ಲಿ ಹಂತಹಂತವಾಗಿ 7 ಮೈಕ್ರೊಗ್ರಾಂವರೆಗೆ ಏರಿಸಿದರು. ಟಿಎನ್‌ಎಫ್ ಮತ್ತಿತರ ಉರಿಯೂತದ ಸೈಟೊಕೈನ್‌ಗಳು ಏರಲಿಲ್ಲ. ಏರಿದ್ದು ಉರಿಯೂತ ತಣಿಸುವ ಐಎಲ್-10. ಇಲಿಗಳಲ್ಲಿ ಕಂಡು ಆಸೆಪಟ್ಟಿದ್ದ ರೆಗ್ಯುಲೇಟರಿ ಟಿ ಕೋಶಗಳ ಗುರುತು ಅದು.